ನಗರದ ಪುನರ್ನಿರ್ಮಾಣವೂ ಚಲಚ್ಚಿತ್ರದ ಸಾಕ್ಷ್ಯವೂ

(ಟಿ. ದಾಸರಹಳ್ಳಿಯ ಪ್ರಾಂತವನ್ನು ಮುಂದಿಟ್ಟುಕೊಂಡು ಮಾಡಿದ ಒಂದು ವಿಚಾರ)

೧

ಕರ್ಣಾಟಕದ ಚರಿತ್ರೆಗೆ ಶಿಲಾಶಾಸನಗಳೂ ತಾಮ್ರಶಾಸನಗಳೂ ಮುಖ್ಯಾಧಾರಗಳೆಂಬುದು ವಿದ್ವಾಂಸರಿಗೆಲ್ಲ ವಿದಿತವಾದ ವಿಷಯವೇ ಆಗಿದೆ. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ಣಾಟಕ’ದ ೯ನೆಯ ಸಂಪುಟದಲ್ಲಿ ೧೯೦೫ರಲ್ಲಿ ಪ್ರಕಟಿಸಿದಂದಿನಿಂದ ಈ ಪ್ರಾಂತದ ಪ್ರಾಚೀನತೆಯು ಕಲ್ಲಿನ ಸಾಕ್ಷ್ಯದಿಂದಲೇ ಸ್ಥಾಪಿತವಾಗುತ್ತ ಬಂದಿದೆ. ಕ್ರಿ. ಶ. ೮೯೦ರ ಸುಮಾರಿನ ಬೇಗೂರಿನ ವೀರಗಲ್ಲು ಬೆಂಗಳೂರೆಂಬ ಹೆಸರನ್ನು ನಮಗೆ ಕೊಟ್ಟಿತು. ೨೦೧೮ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ವೀರಗಲ್ಲು ಇನ್ನೂ ಹಿಂದಿನದು. ಗಂಗ ಶ್ರೀಪುರುಷನು ಆಳುತ್ತಿದ್ದ ಎಂಟನೆಯ ಶತಮಾನದಲ್ಲಿ ಹೋರಾಡಿ ಮಡಿದ ಕಿತ್ತಯನೆಂಬುವನ ಹೆಸರು ಅದರಲ್ಲಿದೆ. ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ತೀರಿಹೋದ ಒಬ್ಬ ಊರಾಳಿನ ಹೆಸರನ್ನು ಇಂದು ನಾವು ಉಚ್ಚರಿಸಬಲ್ಲೆವೆಂದರೆ ಅದು ಕಲ್ಲಿನ ಉಪಕಾರ.

ಆದರೆ ಕಳೆದ ಅರುವತ್ತು ಎಪ್ಪತ್ತು ವರ್ಷಗಳಲ್ಲಿ ಇದೇ ಉತ್ತರ ಬೆಂಗಳೂರಿನ ನೆಲವು ಹೊಂದಿರುವ ಮಾರ್ಪಾಡು, ಅದಕ್ಕೆ ಹಿಂದಿನ ಸಹಸ್ರ ವರ್ಷಗಳಲ್ಲಿ ಹೊಂದಿದ ಮಾರ್ಪಾಡಿಗಿಂತ ಅಧಿಕವಾದುದು. ಹೊಲವು ಕಾರ್ಖಾನೆಯಾಯಿತು, ಕಾರ್ಖಾನೆಯು ನಿವೇಶನವಾಯಿತು, ಕೆರೆಯ ಅಂಗಳದಲ್ಲಿ ಮನೆಗಳೆದ್ದುವು. ಈ ಮಾರ್ಪಾಡನ್ನು ಕಲ್ಲಿನಲ್ಲಿ ಕೆತ್ತಿಸಿದವರಿಲ್ಲ. ಮುಂದಿನ ಕಾಲದ ಚರಿತ್ರಕಾರನು ಯಾವುದನ್ನು ಆಧಾರವಾಗಿ ಹಿಡಿಯಬೇಕು? ಕ್ರಯಪತ್ರಗಳು, ಸರ್ಕಾರದ ಆಜ್ಞೆಗಳು, ನಕ್ಷೆಗಳು ಇವೆ, ನಿಜ. ಇವುಗಳ ಜೊತೆಗೆ ಇನ್ನೊಂದು ಬಗೆಯ ದಾಖಲೆಯೂ ನಮ್ಮ ಕಾಲದಲ್ಲಿ ಹುಟ್ಟಿದೆ. ಅದು ಕಲಾವಿದರು ನಗರವನ್ನೂ ಅದರ ಕಟ್ಟಡಗಳನ್ನೂ ಅದರ ಕೆಡಹುವಿಕೆ ಕಟ್ಟುವಿಕೆಗಳನ್ನೂ ವಿಷಯವಾಗಿಟ್ಟುಕೊಂಡು ನಿರ್ಮಿಸಿದ ಚಲಚ್ಚಿತ್ರ ಮತ್ತು ವಿಡಿಯೋ ಕೃತಿಗಳು. ಇವು ಚರಿತ್ರೆಗೆ ಪ್ರಮಾಣವಾಗಬಲ್ಲುವೆ, ಆಗಬಲ್ಲುವಾದರೆ ಯಾವ ನಿಯಮದಿಂದ, ಎಂಬುದೇ ಈ ಲೇಖನದ ವಿಚಾರ.

೨

ಮೊದಲು ಪ್ರಾಂತದ ಸ್ವರೂಪವನ್ನು ಸಂಗ್ರಹವಾಗಿ ಹೇಳಬೇಕು. ಟಿ. ದಾಸರಹಳ್ಳಿಯು ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಮೇಲಿದೆ. ಹೆಬ್ಬಾಳದ ಕಡೆಯಲ್ಲಿ ಇನ್ನೊಂದು ದಾಸರಹಳ್ಳಿಯುಂಟಾದುದರಿಂದ ಹೆಸರಿನ ಹಿಂದಿನ ಅಕ್ಷರವು ಎರಡನ್ನೂ ಬೇರ್ಪಡಿಸಲು ಸಹಾಯಕವಾಗಿದೆ. ಇದರ ನೆರೆಯ ಗ್ರಾಮಗಳ ಹೆಸರುಗಳು ಭಾಷಾಶಾಸ್ತ್ರದಲ್ಲಿ ಆಸಕ್ತಿಯುಳ್ಳವರ ಗಮನಕ್ಕೆ ಯೋಗ್ಯವಾದುವು: ನಾಗಸಂದ್ರ, ಮಲ್ಲಸಂದ್ರ, ಚೊಕ್ಕಸಂದ್ರ, ಬಾಗಲಗುಂಟೆ, ಅಬ್ಬಿಗೆರೆ. ‘ಸಂದ್ರ’ವು ‘ಸಮುದ್ರ’ ಶಬ್ದದ ತದ್ಭವ. ಕೆರೆಯನ್ನು ಕಟ್ಟಿಸಿದವನು ತನ್ನ ಹೆಸರಿಗಾಗಲಿ ದೇವರ ಹೆಸರಿಗಾಗಲಿ ಸಮುದ್ರವೆಂಬುದನ್ನು ಜೋಡಿಸುವುದು ಶಾಸನಗಳಲ್ಲಿ ಸರ್ವಸಾಧಾರಣ. ‘ಗುಂಟೆ’ಯು ಕುಂಟೆ, ಅಂದರೆ ಸಣ್ಣ ಕೆರೆ. ‘ಗೆರೆ’ಯು ಕೆರೆಯೇ. ಐದು ಊರುಗಳ ಹೆಸರಿನಲ್ಲಿ ಐದು ಜಲಾಶಯಗಳು ಅಡಗಿವೆ. ಜೀವನದಿಯಿಲ್ಲದ ಈ ದಿಣ್ಣೆಯ ನಾಡಿನಲ್ಲಿ ಮಳೆಯ ನೀರನ್ನು ಕಟ್ಟಿ ನಿಲ್ಲಿಸಿ ಬೇಸಾಯ ಮಾಡಿದವರ ಚರಿತ್ರೆಯು ಈ ಪ್ರತ್ಯಯಗಳಲ್ಲಿಯೇ ಉಳಿದಿದೆ.

ಕೆಂಪೇಗೌಡನು ನಗರವನ್ನು ಕಟ್ಟಿದುದು ೧೫೩೭ರಲ್ಲಿ ಎಂಬುದು ಪ್ರಸಿದ್ಧಿ. ನಾಲ್ಕು ದಿಕ್ಕಿನ ಗೋಪುರಗಳಿಂದ ಅದರ ಮೇರೆಯನ್ನು ಗುರುತಿಸುವ ವಾಡಿಕೆಯೂ ಉಂಟು. ದಾಸರಹಳ್ಳಿಯು ಆ ಮೇರೆಗೆ ಬಹು ಹೊರಗಿನದು. ನಗರವು ಯೋಜನಾಬದ್ಧವಾಗಿ ಬೆಳೆಯತೊಡಗಿದುದು ೧೮೯೨ರಲ್ಲಿ ಚಾಮರಾಜಪೇಟೆಯ ಬಡಾವಣೆಯಿಂದ. ೧೮೯೮ರ ಪ್ಲೇಗಿನ ಉಪದ್ರವದ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿ, ಹಿತ್ತಿಲು, ಚರಂಡಿಗಳೊಡನೆ ರೂಪುಗೊಂಡುವು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆಧುನಿಕ ಬೆಂಗಳೂರಿನ ಪುನರ್ನಿರ್ಮಾಣವು ಆರಂಭದಿಂದಲೂ ಆರೋಗ್ಯದ ಹೆಸರಿನಲ್ಲಿ ನಡೆದಿದೆ. ಕಿಕ್ಕಿರಿದ ಪೇಟೆಯು ರೋಗದ ಮೂಲ, ತೆರಪಾದ ಬಡಾವಣೆಯು ಅದಕ್ಕೆ ಔಷಧ ಎಂಬ ನಂಬಿಕೆಯೇ ಮುಂದಿನ ಎಲ್ಲ ಯೋಜನೆಗಳ ಬೀಜವಾಯಿತು. ೧೯೪೫ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯೂ, ೧೯೭೬ರಲ್ಲಿ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಈ ಬೀಜದಿಂದ ಬೆಳೆದುವೇ.

ಉತ್ತರಭಾಗಕ್ಕಾದರೋ ನಗರವು ಬಡಾವಣೆಯ ರೂಪದಲ್ಲಿ ಬರುವುದಕ್ಕೆ ಮೊದಲು ಕಾರ್ಖಾನೆಯ ರೂಪದಲ್ಲಿ ಬಂದಿತು. ಜಾಲಹಳ್ಳಿಯಲ್ಲಿ ೧೯೫೩ರಲ್ಲಿ ಹಿಂದೂಸ್ಥಾನ್ ಮಷೀನ್ ಟೂಲ್ಸ್ ಸಂಸ್ಥೆಯೂ, ೧೯೫೪ರಲ್ಲಿ ಭಾರತ್ ಇಲೆಕ್ಟ್ರಾನಿಕ್ಸ್ ಸಂಸ್ಥೆಯೂ ಸ್ಥಾಪಿತವಾದುವು. ಇವು ಯಂತ್ರಶಾಲೆಗಳಷ್ಟೇ ಆಗಿರಲಿಲ್ಲ. ನೌಕರರ ಮನೆಗಳು, ಶಾಲೆ, ಆಸ್ಪತ್ರೆ, ಆಟದ ಬಯಲುಗಳೊಡನೆ ಕೂಡಿದ ಸ್ವಯಂಪೂರ್ಣವಾದ ಪುರಗಳಾಗಿದ್ದುವು. ೧೯೭೦ರ ದಶಕದಿಂದ ಈಚೆಗೆ ಪೀಣ್ಯವು ದೇಶದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲೊಂದಾಗಿ ಬೆಳೆಯಿತು. ಅಲ್ಲಿ ದುಡಿಯಬಂದವರಿಗೆ ದಾಸರಹಳ್ಳಿ, ಬಾಗಲಗುಂಟೆ, ಹೆಗ್ಗನಹಳ್ಳಿಗಳು ವಾಸಸ್ಥಾನಗಳಾದುವು. ದಾಸರಹಳ್ಳಿಯು ಪ್ರತ್ಯೇಕ ನಗರಸಭೆಯಾಗಿದ್ದು, ೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯು ಏರ್ಪಟ್ಟಾಗ ಅದರಲ್ಲಿ ಸೇರಿಹೋಯಿತು. ೨೦೨೫ರಲ್ಲಿ ಆ ಪಾಲಿಕೆಯೂ ವಿಭಕ್ತವಾಗಿ ಐದು ಪಾಲಿಕೆಗಳಾದುವು. ಗಡಿಯಾರಗಳಿಗೆ ದೇಶದಲ್ಲೆಲ್ಲ ಹೆಸರಾಗಿದ್ದ ಹಿಂದೂಸ್ಥಾನ್ ಮಷೀನ್ ಟೂಲ್ಸ್ ಸಂಸ್ಥೆಯ ಗಡಿಯಾರ ವಿಭಾಗವನ್ನು ಮುಚ್ಚಲು ೨೦೧೬ರಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆಯಾಯಿತು; ೨೦೧೯ರಲ್ಲಿ ಅದರ ಸ್ಮಾರಕವಾಗಿ ವಸ್ತುಸಂಗ್ರಹಾಲಯವೊಂದು ತೆರೆಯಿತು. ಹೀಗೆ ಗ್ರಾಮ, ಕಾರ್ಖಾನೆ, ವಸ್ತುಸಂಗ್ರಹಾಲಯ ಎಂಬ ಮೂರು ಅವಸ್ಥೆಗಳನ್ನೂ ಒಬ್ಬ ಮನುಷ್ಯನ ಆಯುಷ್ಯದೊಳಗೆ ಈ ಪ್ರಾಂತವು ಕಂಡಿತು.

ಕೊನೆಯದಾಗಿ ಬಂದುದು ಮೆಟ್ರೋ ರೈಲು. ಇದರ ಶಂಕುಸ್ಥಾಪನೆಯು ೨೦೦೬ರ ಜೂನ್ ೨೪ರಂದು ನಡೆಯಿತು. ಸಂಪಿಗೆ ರಸ್ತೆಯಿಂದ ಪೀಣ್ಯದವರೆಗಿನ ಮಾರ್ಗವು ೨೦೧೪ರ ಮಾರ್ಚ್ ೧ರಂದೂ, ಅಲ್ಲಿಂದ ಜಾಲಹಳ್ಳಿ, ದಾಸರಹಳ್ಳಿಗಳ ಮೂಲಕ ನಾಗಸಂದ್ರದವರೆಗಿನದು ೨೦೧೫ರ ಮೇ ೧ರಂದೂ, ನಾಗಸಂದ್ರದಿಂದ ಮಾದಾವರದವರೆಗಿನದು ೨೦೨೪ರ ನವೆಂಬರ್ ೭ರಂದೂ ಸಂಚಾರಕ್ಕೆ ತೆರೆದುವು. ನಾಗಸಮುದ್ರದ ಹೆಸರು ಈಗ ನಿಲ್ದಾಣದ ಫಲಕದ ಮೇಲಿದೆ. ಅದನ್ನು ದಿನವೂ ಓದುವವರಲ್ಲಿ ಆ ಶಬ್ದದೊಳಗೆ ನೀರಿದೆಯೆಂದು ಬಲ್ಲವರು ವಿರಳ.

೩

ಇನ್ನು ಪ್ರಕೃತಕ್ಕೆ ಬರೋಣ. ಕಟ್ಟಡವನ್ನೂ ವಸತಿಯನ್ನೂ ಚಲಚ್ಚಿತ್ರವು ವಿಷಯವಾಗಿ ಹಿಡಿದುದು ಹೊಸತಲ್ಲ. ೧೯೩೫ರಲ್ಲಿ ಇಂಗ್ಲೆಂಡಿನಲ್ಲಿ ಆರ್ಥರ್ ಎಲ್ಟನ್, ಎಡ್ಗರ್ ಆನ್‌ಸ್ಟೀ ಎಂಬವರು ‘ಹೌಸಿಂಗ್ ಪ್ರಾಬ್ಲಮ್ಸ್’ ಎಂಬ ಚಿತ್ರವನ್ನು ಮಾಡಿದರು. ಅದರಲ್ಲಿ ಲಂಡನ್ನಿನ ಕೊಳೆಗೇರಿಯ ನಿವಾಸಿಗಳೇ ಯಂತ್ರದ ಮುಂದೆ ನಿಂತು ತಮ್ಮ ಮನೆಯ ಇಲಿ, ತಿಗಣೆ, ಬಿರುಕುಬಿಟ್ಟ ಗೋಡೆಗಳನ್ನು ಕುರಿತು ತಾವೇ ಮಾತಾಡಿದರು. ವಸತಿಯಲ್ಲಿ ವಾಸಿಸುವವನೇ ಸಾಕ್ಷಿಯೆಂಬ ಪದ್ಧತಿಗೆ ಇದು ಮೊದಲ ಉದಾಹರಣೆಗಳಲ್ಲೊಂದು. ಆದರೆ ಆ ಚಿತ್ರಕ್ಕೆ ಹಣವನ್ನು ಒದಗಿಸಿದುದು ಅನಿಲದ ವ್ಯಾಪಾರದವರು. ಹಳೆಯ ಮನೆಗಳು ಹೋಗಿ ಹೊಸ ಮನೆಗಳು ಬಂದರೆ ಅವರಿಗೆ ಲಾಭವಿತ್ತು. ಸಾಕ್ಷಿಯು ಸತ್ಯವನ್ನೇ ನುಡಿದರೂ, ಸಾಕ್ಷಿಯನ್ನು ಕರೆತಂದವನಾರೆಂಬುದನ್ನು ಮರೆಯಬಾರದೆಂಬ ಪಾಠವೂ ಇಲ್ಲಿಯೇ ಇದೆ. ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಬಡವರಿಗೆಂದು ಕಟ್ಟಿ ೧೯೫೦ರ ದಶಕದಲ್ಲಿ ತೆರೆದ ‘ಪ್ರೂಯಿಟ್ ಐಗೋ’ ಎಂಬ ೩೩ ಮಹಡಿಮನೆಗಳ ವಸತಿಯನ್ನು ೧೯೭೨ರಿಂದ ಸಿಡಿಮದ್ದಿಟ್ಟು ಕೆಡಹಿದರು. ಆ ಕಟ್ಟಡವು ಧೂಳಾಗಿ ಕುಸಿಯುವ ದೃಶ್ಯವು ಜಗತ್ತಿನಲ್ಲೆಲ್ಲ ತೋರಿಸಲ್ಪಟ್ಟಿತು. ಅದರಲ್ಲಿ ವಾಸಿಸಿದವರ ಮುಖವನ್ನು ಕಂಡವರಿಗಿಂತ ಅದು ಬೀಳುವುದನ್ನು ಕಂಡವರು ಹೆಚ್ಚು.

ನಮ್ಮಲ್ಲಿಯೂ ಇಂಥ ಪ್ರಸಂಗವಿಲ್ಲದಿಲ್ಲ. ಬೆಂಗಳೂರಿನ ಈಜಿಪುರದಲ್ಲಿ ಆರ್ಥಿಕವಾಗಿ ದುರ್ಬಲರಾದವರಿಗೆಂದು ಕಟ್ಟಿದ ವಸತಿಸಮುಚ್ಚಯದ ಒಂದು ಭಾಗವು ೨೦೦೭ರಲ್ಲಿ ಕುಸಿಯಿತು. ಪುನರ್ನಿರ್ಮಾಣದ ಹೆಸರಿನಲ್ಲಿ ೨೦೧೩ರ ಜನವರಿಯಲ್ಲಿ ಅಲ್ಲಿಯವರನ್ನು ತೆರವುಗೊಳಿಸಿದರು. ಕೆಲವು ಕುಟುಂಬಗಳು ಬಹುಕಾಲ ಅಲ್ಲಿಯೇ ಬೀದಿಯ ಬದಿಯಲ್ಲಿ ದಿನ ಕಳೆದುವು. ಪುನರ್ನಿರ್ಮಾಣವೆಂಬ ಶಬ್ದದಲ್ಲಿ ‘ಪುನಃ’ ಎಂಬುದು ಯಾರಿಗೆ ಅನ್ವಯಿಸುತ್ತದೆ, ಕಟ್ಟಡಕ್ಕೋ ನಿವಾಸಿಗೋ, ಎಂಬ ಪ್ರಶ್ನೆಯನ್ನು ಈ ಪ್ರಸಂಗವು ಎತ್ತುತ್ತದೆ.

ಇಲ್ಲಿ ಪೂರ್ವಪಕ್ಷವು ಹೀಗೆ ಬರಬಹುದು. ಕಲಾವಿದನ ಕೃತಿಯು ಕಲ್ಪಿತವಾದುದು. ಅವನು ತನಗೆ ಬೇಕಾದುದನ್ನು ತೋರಿಸಿ ಬೇಡವಾದುದನ್ನು ಬಿಡುತ್ತಾನೆ. ದೃಶ್ಯಗಳ ಅನುಕ್ರಮವನ್ನು ತಿರುಗಿಸುತ್ತಾನೆ. ಆದುದರಿಂದ ಅದು ಆನಂದಕ್ಕೆ ಸಾಧನವಾಗಬಹುದೇ ಹೊರತು ಪ್ರಮಾಣವಾಗಲಾರದು. ಎರಡನೆಯದು: ಕಲ್ಲು ಸಾವಿರ ವರ್ಷ ಬಾಳುತ್ತದೆ, ಚಿತ್ರದ ಸುರುಳಿಯೂ ವಿದ್ಯುನ್ಮಾನದ ಪ್ರತಿಯೂ ಅಲ್ಪಾಯುಗಳು. ಮೂರನೆಯದು: ಇವು ಕಲಾಶಾಲೆಗಳಲ್ಲಿ ಕೆಲವರಿಗೆ ಮಾತ್ರ ಕಾಣಿಸುತ್ತವೆ; ಯಾರನ್ನು ಕುರಿತವೋ ಅವರೇ ಕಾಣರು.

ಮೊದಲನೆಯ ಆಕ್ಷೇಪಕ್ಕೆ ಸಮಾಧಾನವು ನಮ್ಮ ಶಾಸನಗಳಲ್ಲಿಯೇ ಇದೆ. ಪ್ರಶಸ್ತಿಶಾಸನದ ಕವಿಯು ತನ್ನ ರಾಜನನ್ನು ಸಮಸ್ತ ಭೂಮಂಡಲದ ಒಡೆಯನೆಂದು ವರ್ಣಿಸುತ್ತಾನೆ. ಚರಿತ್ರಕಾರನು ಅದನ್ನು ನಂಬುವುದಿಲ್ಲ. ಆದರೂ ಶಾಸನವನ್ನು ಎಸೆಯುವುದಿಲ್ಲ. ವರ್ಣನೆಯನ್ನು ವರ್ಣನೆಯಾಗಿಯೂ, ತಿಥಿ, ಚತುಸ್ಸೀಮೆ, ಸಾಕ್ಷಿಗಳನ್ನು ಸಂಗತಿಗಳಾಗಿಯೂ ಬೇರ್ಪಡಿಸಿ ಓದುತ್ತಾನೆ. ಅದೇ ವಿವೇಕವನ್ನು ಚಲಚ್ಚಿತ್ರಕ್ಕೂ ಅನ್ವಯಿಸಬೇಕು. ಇದಕ್ಕೆ ಒಂದು ವಿಭಾಗಕ್ರಮವು ಬೇಕು; ಅದಕ್ಕೆ ನಾವು ಬಹು ದೂರ ಹೋಗಬೇಕಾದುದಿಲ್ಲ.

೪

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಪ್ರಕರಣವು ಗೃಹೋಪಭೋಗದ ಅಂಗವಾಗಿಯೇ ಬಂದಿದೆ. ಮನೆಯನ್ನು ಹೇಳಿದ ಮೇಲೆ ಮನೆಯ ಗೋಡೆ, ಗೋಡೆಯ ಮೇಲೆ ಚಿತ್ರ. ವಾಸ್ತುವೂ ಚಿತ್ರವೂ ಒಂದೇ ಪ್ರಕರಣಕ್ಕೆ ಸೇರಿದುವೆಂಬ ಈ ದೃಷ್ಟಿಯು ನಮ್ಮ ವಿಷಯಕ್ಕೆ ಅತ್ಯಂತ ಅನುಕೂಲವಾಗಿದೆ. ಆ ರಾಜನು ಚಿತ್ರಗಳನ್ನು ವಿಂಗಡಿಸುವಾಗ ವಿದ್ಧ, ಅವಿದ್ಧ, ಭಾವ ಎಂಬ ಭೇದಗಳನ್ನು ಹೇಳುತ್ತಾನೆ. ಕನ್ನಡಿಯಲ್ಲಿ ಪ್ರತಿಬಿಂಬವಿರುವಂತೆ ವಸ್ತುವಿನ ಸಾದೃಶ್ಯವಿರುವುದು ವಿದ್ಧ. ಮನಸ್ಸಿನಲ್ಲಿ ಆಕಸ್ಮಿಕವಾಗಿ ಹೊಳೆದುದನ್ನು ಉದ್ದೇಶಿಸಿ ಬರೆದುದು ಅವಿದ್ಧ. ಶೃಂಗಾರಾದಿ ರಸವು ನೋಡಿದ ಮಾತ್ರಕ್ಕೆ ತೋರುವುದು ಭಾವಚಿತ್ರ. ಸೋಮೇಶ್ವರನು ಚಲಿಸುವ ಚಿತ್ರವನ್ನು ಊಹಿಸಿದ್ದನೆಂದು ನಾವು ಹೇಳುತ್ತಿಲ್ಲ. ಅಂಥ ವಾದವು ಹಾಸ್ಯಾಸ್ಪದ. ಒಂದು ಕಾಲದಲ್ಲಿ ಮಾಡಿದ ಸರಿಯಾದ ವಿಭಾಗವು ಇನ್ನೊಂದು ಕಾಲದ ವಸ್ತುವಿಗೂ ಉಪಯೋಗಕ್ಕೆ ಬರಬಹುದೆಂಬುದಷ್ಟೇ ನಮ್ಮ ಅಭಿಪ್ರಾಯ.

ಅವಿದ್ಧಕ್ಕೆ ಉದಾಹರಣೆಯು ಭಾರತದಲ್ಲಿ ಈ ಕಲೆಯ ಆರಂಭದಲ್ಲಿಯೇ ದೊರೆಯುತ್ತದೆ. ಮುಂಬಯಿಯಲ್ಲಿ ಅಕ್ಬರ್ ಪದಂಸೀ ಅವರು ೧೯೬೯ರಲ್ಲಿ ಏರ್ಪಡಿಸಿದ ಕಾರ್ಯಶಾಲೆಯಲ್ಲಿ ಯುವತಿ ನಳಿನಿ ಮಲಾನಿಯವರು ‘ಡ್ರೀಮ್ ಹೌಸಸ್’ ಎಂಬ ಕಿರುಚಿತ್ರವನ್ನು ಮಾಡಿದರು. ಬಣ್ಣಬಣ್ಣದ ಬೆಳಕಿನಲ್ಲಿ ಮನೆಗಳ ಆಕೃತಿಗಳು ಅದರಲ್ಲಿ ಮೂಡಿ ಮಾರ್ಪಡುತ್ತವೆ. ಆಧುನಿಕ ವಾಸ್ತುವು ದೇಶಕ್ಕೆ ಹೊಸ ಬಾಳನ್ನು ಕೊಡುವುದೆಂಬ ಅಂದಿನ ಭರವಸೆಯೇ ಅಲ್ಲಿಯ ವಸ್ತು. ೧೯೭೬ರಲ್ಲಿ ಅವರೇ ಕಪ್ಪುಬಿಳುಪಿನಲ್ಲಿ ಇನ್ನೊಂದನ್ನು ಮಾಡಿದರು. ಅಲ್ಲಿ ಒಬ್ಬ ಯುವತಿಯು ಎತ್ತರದ ಕಟ್ಟಡದಿಂದ ಮುಂಬಯಿಯ ನಿಜವಾದ ವಸತಿಗಳನ್ನು ನೋಡುತ್ತಾಳೆ. ಎರಡನ್ನೂ ಅಕ್ಕಪಕ್ಕದಲ್ಲಿ ತೋರಿಸುವ ಕೃತಿಗೆ ‘ಯುಟೋಪಿಯ’ ಎಂದು ಹೆಸರು. ಕಂಡ ಕನಸಿಗೂ ಕಟ್ಟಿದ ಊರಿಗೂ ನಡುವೆ ಏಳು ವರ್ಷಗಳ ಅಂತರ. ಇದರಿಂದ ಮುಂಬಯಿಯ ಯಾವ ಬೀದಿಯ ಅಳತೆಯೂ ನಮಗೆ ತಿಳಿಯದು. ಆದರೆ ಒಂದು ತಲೆಮಾರು ಏನನ್ನು ನಂಬಿತ್ತು, ಎಂದು ನಂಬಿಕೆಯನ್ನು ಕಳೆದುಕೊಂಡಿತು ಎಂಬುದು ತಿಳಿಯುತ್ತದೆ. ಜಾಲಹಳ್ಳಿಯ ಕಾರ್ಖಾನೆಯ ಪುರಗಳನ್ನು ಕಟ್ಟಿದವರ ನಂಬಿಕೆಯೂ ಅದೇ ಜಾತಿಯದು.

ವಿದ್ಧಕ್ಕೆ ಬೆಂಗಳೂರಿನಲ್ಲಿಯೇ ಎರಡು ಉದಾಹರಣೆಗಳುಂಟು. ಟಾಮ್ ಡಿ’ಆಗಿಯಾರ್ ಎಂಬ ಹವ್ಯಾಸಿಯು ಹಿಂದೆ ಕಿರಿಯಳತೆಯ ಸುರುಳಿಗಳಲ್ಲಿ ತೆಗೆದಿಟ್ಟಿದ್ದ ದೃಶ್ಯಗಳನ್ನು ಆಯಿಷಾ ಅಬ್ರಹಾಂ ಅವರು ಆಧಾರವಾಗಿಟ್ಟುಕೊಂಡು ೨೦೦೫ರಲ್ಲಿ ‘ಸ್ಟ್ರೇಟ್ ೮’ ಎಂಬ ಕೃತಿಯನ್ನು ರಚಿಸಿದರು. ಮನೆಯವರ ವಿನೋದಕ್ಕೆಂದು ತೆಗೆದುದು ಅರ್ಧಶತಮಾನದ ಮೇಲೆ ದಾಖಲೆಯಾಯಿತು. ತಾಳೆಯ ಗರಿಯನ್ನು ಅಟ್ಟದಿಂದ ಇಳಿಸಿ ಧೂಳೊರಸಿ ಪರಿಷ್ಕರಿಸುವ ಗ್ರಂಥಸಂಪಾದಕನ ಕೆಲಸಕ್ಕೂ ಇದಕ್ಕೂ ಭೇದವು ಅಲ್ಪ. ಎರಡನೆಯದು, ಗೌತಮ್ ಸೋಂಟಿ ಮತ್ತು ಉಷಾ ರಾವ್ ಅವರು ೨೦೧೪ರಲ್ಲಿ ಹೊರತಂದ ‘ಅವರ್ ಮೆಟ್ರೊಪೊಲಿಸ್’. ಮೆಟ್ರೋ ಮಾರ್ಗಕ್ಕಾಗಿ ಮರಗಳೂ ಮನೆಗಳೂ ಅಂಗಡಿಗಳೂ ಹೋಗುವಾಗ ನಗರದವರು ನಡೆಸಿದ ಪ್ರತಿಭಟನೆ, ಕಚೇರಿಗಳ ಅಲೆದಾಟ, ಕೊನೆಗೆ ಉಂಟಾದ ಸೋಲು, ಇವುಗಳನ್ನು ಅವರು ಹಲವು ವರ್ಷ ಹಿಂಬಾಲಿಸಿ ಚಿತ್ರಿಸಿದ್ದಾರೆ. ಇಲ್ಲಿ ತಿಥಿಯುಂಟು, ಸ್ಥಳವುಂಟು, ಮಾತಾಡಿದವನ ಮುಖವುಂಟು. ಶಾಸನದ ಸಾಕ್ಷಿಗಳ ಪಟ್ಟಿಗೆ ಇದು ಯಾವ ವಿಧದಲ್ಲಿಯೂ ಕಡಿಮೆಯಾದುದಲ್ಲ.

ಭಾವಚಿತ್ರಕ್ಕೆ ಉದಾಹರಣೆಯಾದುದು ಅತ್ಯಂತ ವಿಚಾರಾರ್ಹವಾದುದು. ಮೆಟ್ರೋ ಕಾಮಗಾರಿಯು ನಡೆಯುತ್ತಿದ್ದಾಗ ಅದರ ಸುತ್ತ ತಗಡಿನ ಮರೆಯನ್ನು ಕಟ್ಟಿದ್ದುದನ್ನು ಬೆಂಗಳೂರಿನವರೆಲ್ಲ ಕಂಡಿದ್ದಾರೆ. ಆ ಮರೆಯ ಹಿಂದೆ ಉತ್ತರ ಮತ್ತು ಪೂರ್ವ ಭಾರತದಿಂದ ಬಂದ ಸಹಸ್ರಾರು ಕೂಲಿಕಾರರು ಹಗಲಿರುಳು ದುಡಿದರು. ಏಕ್ತಾ ಮಿತ್ತಲ್ ಮತ್ತು ಯಶಸ್ವಿನಿ ರಘುನಂದನ್ ಅವರು ೨೦೦೯ರಿಂದ ಆ ಮರೆಯೊಳಕ್ಕೆ ಹೋಗಿ, ‘ಬಿಹೈಂಡ್ ದಿ ಟಿನ್ ಶೀಟ್ಸ್’ ಎಂಬ ಹೆಸರಿನಲ್ಲಿ ‘ಇನ್ ಟ್ರಾನ್ಸಿಯೆನ್ಸ್’ (೨೦೧೧), ‘ಪ್ರೆಸೆನ್ಸ್’ (೨೦೧೨), ‘ಡಿಸ್ಟೆನ್ಸ್’ (೨೦೧೩) ಎಂಬ ಮೂರು ಕಿರುಚಿತ್ರಗಳನ್ನು ಮಾಡಿದರು. ಇವುಗಳಲ್ಲಿ ಕಾಮಗಾರಿಯ ವರದಿಯಿಲ್ಲ. ಕೂಲಿಕಾರರ ವಿರಹ, ದೂರವಾದ ಊರು, ನಿದ್ರೆಯಿಲ್ಲದ ಇರುಳು, ಇರುಳಿನಲ್ಲಿ ಅವರಿಗೆ ಕಂಡ ಪ್ರೇತಗಳ ಕಥೆಗಳು ಇವೆ.

ಪ್ರೇತದ ಕಥೆಯು ಚರಿತ್ರೆಯೆ ಎಂದು ಕೇಳಿದರೆ, ಪ್ರೇತವು ಚರಿತ್ರೆಯಲ್ಲ; ಅದನ್ನು ಕಂಡೆನೆಂದು ಹೇಳಿದವನ ಇರವು ಚರಿತ್ರೆ ಎಂದು ಉತ್ತರ. ಸ್ಥಳಪುರಾಣವನ್ನು ಓದುವಾಗ ನಾವು ಇದೇ ನ್ಯಾಯವನ್ನು ಅನುಸರಿಸುತ್ತೇವೆ. ಋಷಿಯ ಶಾಪವನ್ನು ನಂಬದಿದ್ದರೂ, ಆ ಕ್ಷೇತ್ರದವರು ತಮ್ಮ ನೆಲವನ್ನು ಹೇಗೆ ಭಾವಿಸಿದ್ದರೆಂಬುದನ್ನು ಅದರಿಂದ ತಿಳಿಯುತ್ತೇವೆ. ಪರಸ್ಥಳದಿಂದ ಬಂದವನಿಗೆ ತಾನು ಅಗೆಯುತ್ತಿರುವ ನೆಲದಲ್ಲಿ ಹಿಂದೆ ಯಾರೋ ಬಾಳಿದ್ದರೆಂಬ ಅರಿವು ಪ್ರೇತದ ರೂಪದಲ್ಲಿ ಬಂದಿತು. ಆ ನೆಲದ ಮೇಲೆ ದಿನವೂ ಸಂಚರಿಸುವ ನಮಗೆ ಅದು ಯಾವ ರೂಪದಲ್ಲಿಯೂ ಬರಲಿಲ್ಲ. ಈ ಒಂದು ಸಂಗತಿಯನ್ನು ಯಾವ ಕಡತವೂ ದಾಖಲೆಮಾಡಲಾರದು.

೫

ಇಲ್ಲಿ ಹೆಸರಿನ ಪ್ರಶ್ನೆಯೊಂದು ಉಳಿಯುತ್ತದೆ. ಬೇಲೂರಿನ ಮದನಿಕೆಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಕೆತ್ತಿಕೊಂಡಿದ್ದಾರೆ. ಹೊಯ್ಸಳರ ಕಾಲದ ಶಿಲ್ಪಿಗೆ ಅಷ್ಟು ಸ್ಥಾನವಿತ್ತು. ಆದರೆ ಕಲ್ಲನ್ನು ಗಣಿಯಿಂದ ಎತ್ತಿ ತಂದವರ ಹೆಸರು ಅಂದೂ ಇಲ್ಲ. ನಮ್ಮ ಕಾಲದ ಶಂಕುಸ್ಥಾಪನೆಯ ಫಲಕಗಳಲ್ಲಿ ಅಧಿಕಾರಸ್ಥರ ಹೆಸರುಗಳು ಕಾಣುತ್ತವೆ. ಕಬ್ಬಿಣವನ್ನು ಕಟ್ಟಿದವನ ಹೆಸರು ಕಾಣುವುದಿಲ್ಲ. ದಾಸರಹಳ್ಳಿಯ ಮೇಲೆ ಹಾದುಹೋದ ಮಾರ್ಗದ ಸ್ತಂಭಗಳೂ ಇಂಥವರ ಕೈಯಿಂದಲೇ ಎದ್ದುವು. ಆ ಕೆಲಸದಲ್ಲಿ ತೊಡಗಿದವರ ಮುಖಗಳೂ ಧ್ವನಿಗಳೂ ಸ್ವಲ್ಪವಾದರೂ ಉಳಿದಿರುವುದು ಮೇಲಿನ ಚಿತ್ರಗಳಲ್ಲಿ. ಶಾಸನವು ಮಾಡದಿದ್ದ ಕೆಲಸವನ್ನು ಈ ಕಲೆಯು ಮಾಡಿತೆಂದು ಒಪ್ಪಲೇಬೇಕು.

ಆಯುಷ್ಯವನ್ನು ಕುರಿತ ಎರಡನೆಯ ಆಕ್ಷೇಪವು ಮಾತ್ರ ಬಲವಾದುದು. ಕಲ್ಲು ಬಿದ್ದಲ್ಲಿಯೇ ಇರುತ್ತದೆ. ಅದನ್ನು ಯಾರೂ ನೋಡದಿದ್ದರೂ ಕಾಯುತ್ತದೆ. ಹೆಬ್ಬಾಳದ ಕಲ್ಲು ಹಾಗೆಯೇ ಕಾದಿತು. ವಿದ್ಯುನ್ಮಾನದ ದೃಶ್ಯವು ಕಾಯುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಹೊಸ ಸಾಧನಕ್ಕೆ ಪ್ರತಿಮಾಡದಿದ್ದರೆ ಅದು ಲುಪ್ತವಾಗುತ್ತದೆ. ಇದರ ಸ್ವಭಾವವು ಶಿಲೆಯದಲ್ಲ, ಓಲೆಯದು. ಓಲೆಗ್ರಂಥವು ಉಳಿದುದು ಅದರ ಬಲದಿಂದಲ್ಲ, ತಲೆಮಾರಿಗೊಮ್ಮೆ ಪ್ರತಿಮಾಡಿದ ಲಿಪಿಕಾರನ ಬಲದಿಂದ. ಆದುದರಿಂದ ಈ ಕಲೆಗೆ ಭಂಡಾರವೂ ಬೇಕು, ಲಿಪಿಕಾರರೂ ಬೇಕು.

ಮೂರನೆಯ ಆಕ್ಷೇಪವು ಪೂರ್ಣವಾಗಿ ನಿವಾರಿತವಾಗಿಲ್ಲವಾದರೂ ಮಾರ್ಗವು ಕಾಣುತ್ತದೆ. ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಮೆಟ್ರೋ ಕಾಮಗಾರಿಗಾಗಿ ಕೆಡಹಿದ ಹಳೆಯ ನಡೆದಾರಿಯ ಸ್ಥಾನದಲ್ಲಿ ೨೦೧೩ರಲ್ಲಿ ‘ರಂಗೋಲಿ’ ಎಂಬ ಕಲಾಕೇಂದ್ರವು ತೆರೆದು, ಬೆಂಗಳೂರಿನ ವಿಡಿಯೋ ಕಲಾವಿದೆಯಾದ ಸುರೇಖಾ ಅವರ ನಿರ್ದೇಶನದಲ್ಲಿ ದಾರಿಹೋಕರಿಗೂ ಕಲೆಯು ಕಾಣುವಂತಾಯಿತು. ಅಂಥ ಸ್ಥಳವು ನಗರದ ಮಧ್ಯದಲ್ಲಿ ಮಾತ್ರವಲ್ಲದೆ ದಾಸರಹಳ್ಳಿಯಂಥ ಕಡೆಯಲ್ಲಿಯೂ ಏರ್ಪಟ್ಟರೆ, ಚಿತ್ರದೊಳಗಿನವರೂ ಚಿತ್ರವನ್ನು ನೋಡುವವರೂ ಒಬ್ಬರೇ ಆಗುವರು. ಆಗ ತಪ್ಪನ್ನು ತಿದ್ದುವವರೂ ದೊರೆಯುವರು. ಪ್ರಮಾಣಕ್ಕೆ ಅದಕ್ಕಿಂತ ಉತ್ತಮವಾದ ಪರೀಕ್ಷೆಯಿಲ್ಲ.

೬

ಸಿದ್ಧಾಂತವನ್ನು ಹೀಗೆ ಸಂಗ್ರಹಿಸಬಹುದು. ನಗರವನ್ನು ಕುರಿತ ಚಲಚ್ಚಿತ್ರಕೃತಿಯು ಚರಿತ್ರೆಗೆ ಪ್ರಮಾಣವಾಗಬಲ್ಲುದು. ಆದರೆ ಅದು ವಿದ್ಧವೋ ಅವಿದ್ಧವೋ ಭಾವವೋ ಎಂಬುದನ್ನು ಮೊದಲು ನಿರ್ಣಯಿಸಬೇಕು. ವಿದ್ಧದಿಂದ ಸಂಗತಿಯನ್ನೂ, ಅವಿದ್ಧದಿಂದ ನಂಬಿಕೆಯನ್ನೂ, ಭಾವದಿಂದ ಅನುಭವವನ್ನೂ ಗ್ರಹಿಸಬೇಕು. ಒಂದರಿಂದ ಇನ್ನೊಂದನ್ನು ಕೇಳಬಾರದು. ಯಾರು, ಯಾವಾಗ, ಎಲ್ಲಿ, ಯಾರ ಹಣದಿಂದ ಮಾಡಿದರೆಂಬುದು ಪ್ರತಿಯೊಂದು ಕೃತಿಯ ಜೊತೆಯಲ್ಲಿಯೂ ಉಳಿಯಬೇಕು. ಇದಿಲ್ಲದ ದೃಶ್ಯವು ತಿಥಿಯಿಲ್ಲದ ಶಾಸನದಂತೆ.

ಜಾಲಹಳ್ಳಿಯ ಪುರಗಳಲ್ಲಿ ಮೊದಲು ವಾಸಕ್ಕೆ ಬಂದವರ ಮಕ್ಕಳು ಈಗ ವೃದ್ಧರು. ಚೊಕ್ಕಸಂದ್ರದ ಕೆರೆಯ ನೀರಿನಿಂದ ಬೆಳೆದ ಬೆಳೆಯನ್ನು ಕಂಡವರು ಅವರಿಗಿಂತಲೂ ವೃದ್ಧರು. ಇವರ ಮಾತನ್ನೂ ಮುಖವನ್ನೂ ಇವರ ಮನೆಯ ಗೋಡೆಯನ್ನೂ ಒಂದೇ ಸಲ ಹಿಡಿದಿಡಬಲ್ಲ ಸಾಧನವು ಇಂದು ವಿದ್ಯಾರ್ಥಿಗಳ ಕೈಯಲ್ಲಿಯೂ ಇದೆ. ಉತ್ತರ ಬೆಂಗಳೂರಿನ ಕಾಲೇಜುಗಳಲ್ಲಿ ಸಾಹಿತ್ಯವನ್ನು ಬೋಧಿಸುವ ಅಧ್ಯಾಪಕರು ಸ್ಥಳನಾಮದ ಪಾಠದೊಡನೆ ಈ ಕಾರ್ಯವನ್ನೂ ಸೇರಿಸಿಕೊಂಡರೆ, ‘ಸಂದ್ರ’ವೆಂಬ ಪ್ರತ್ಯಯದೊಳಗಿನ ನೀರು ಶಬ್ದಾರ್ಥಕೋಶದಲ್ಲಿ ಮಾತ್ರವಲ್ಲದೆ, ಅದನ್ನು ಕಂಡವರ ಬಾಯಿಂದಲೂ ಮುಂದಿನವರಿಗೆ ದೊರೆಯುವುದು. ಕಿತ್ತಯನಿಗೆ ಅವನ ಊರವರು ಒಂದು ಕಲ್ಲನ್ನು ನಿಲ್ಲಿಸಿದರು. ನಮ್ಮ ಊರವರಿಗೆ ನಾವು ನಿಲ್ಲಿಸಬೇಕಾದುದು ಯಾವುದೆಂಬುದನ್ನು ವಿದ್ವಾಂಸರು ಪರ್ಯಾಲೋಚಿಸಬೇಕು.